ಅಮ್ಮನ ಹೆಸರಿನ ಕಾಲಂ

ಹಾಸನದ ನಿವೃತ್ತ ಮೇಷ್ಟ್ರಿಗೆ ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ಕೆರಿಬಿಯನ್ ಕಡೆಯ ಹಳೆಯ ದಾಖಲೆಗಳ ಬಗ್ಗೆ ಬರೆದಿದ್ದೆವು. ಅಲ್ಲಿ ಗುಲಾಮರಾಗಿದ್ದ ಹೆಂಗಸರ ಹೆಸರುಗಳನ್ನು ಸ್ವಯಂಸೇವಕರು ಒಂದೊಂದಾಗಿ ಹುಡುಕಿ ಬರೆದಿಡುತ್ತಿರುವ ಲೇಖನ ಅದು. ನೀವು ಅದನ್ನು ಓದಿ ನಾಲ್ಕು ಪುಟದ ಪತ್ರ ಬರೆದಿದ್ದೀರಿ. ಉಳಿದ ಓದುಗರಿಗೂ ಗೊತ್ತಾಗಲಿ ಅಂತ ನಿಮ್ಮ ಪ್ರಶ್ನೆಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಆ ದಾಖಲೆ ಬರೆಸಿದವರು ಮಾಲೀಕರು, ಅದು ದನಕರುಗಳ ಲೆಕ್ಕದ ಹಾಗಿನ ಲೆಕ್ಕ, ಅದರಲ್ಲಿ ಹೆಂಗಸರ ಚರಿತ್ರೆ ಎಲ್ಲಿಂದ ಬರಬೇಕು ಅಂತ ಕೇಳಿದ್ದೀರಿ. ತರಬೇತಿ ಇಲ್ಲದವರ ಕೆಲಸವನ್ನು ನಂಬುವುದು ಹೇಗೆ ಅಂತಲೂ ಕೇಳಿದ್ದೀರಿ. ಕ್ರಿಕೆಟ್ ಬಿಟ್ಟರೆ ನಮಗೂ ಅವರಿಗೂ ಏನು ಸಂಬಂಧ ಅನ್ನುವುದು ಇನ್ನೊಂದು ಪ್ರಶ್ನೆ. ಪತ್ರದ ತೀರಾ ಕೆಳಗೆ, ಬೇರೆ ಪೆನ್ನಿನಲ್ಲಿ ಒಂದು ಸಾಲಿದೆ. "ನನ್ನಂಥವನು ಇದನ್ನು ಮಾಡಬಹುದಾ?" ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ನಿಮ್ಮ ಮಾತು ನಿಜ. ಅದು ಮಾಲೀಕರ ಲೆಕ್ಕವೇ. ಆದರೆ ಆ ಲೆಕ್ಕದೊಳಗೆ ಅವರು ಏನು ಬರೆಯಬೇಕಾಗಿ ಬಂತು ನೋಡಿ.

ಸುರಿನಾಮ್ ಡಚ್ಚರ ವಸಾಹತು. ಅದು ದಕ್ಷಿಣ ಅಮೆರಿಕದ ನೆಲದಲ್ಲಿದ್ದರೂ ಅಲ್ಲಿನ ಬದುಕು, ಕಬ್ಬಿನ ತೋಟ, ಚರಿತ್ರೆ ಎಲ್ಲ ಕೆರಿಬಿಯನ್ನಿನದೇ. ಆಫ್ರಿಕಾದಿಂದ ಜನರನ್ನು ತರುವ ವ್ಯಾಪಾರ ನಿಷೇಧವಾದ ಮೇಲೂ ಕಳ್ಳತನದಲ್ಲಿ ತರುವುದು ನಿಂತಿರಲಿಲ್ಲ. ಅದನ್ನು ತಡೆಯಲು ಸರ್ಕಾರ ಒಂದು ನಿಯಮ ಮಾಡಿತು. ಪ್ರತಿ ಮಾಲೀಕ ತನ್ನ ಹತ್ತಿರ ಇರುವ ಗುಲಾಮರನ್ನೆಲ್ಲ ನೋಂದಾಯಿಸಬೇಕು. 1830ರಿಂದ 1863ರವರೆಗಿನ ಆ ದಪ್ಪ ದಪ್ಪ ರಿಜಿಸ್ಟರುಗಳು ಉಳಿದುಕೊಂಡಿವೆ. 2017ರಲ್ಲಿ ನೆದರ್ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದವರೂ ಸುರಿನಾಮಿನ ರಾಜಧಾನಿ ಪರಾಮಾರಿಬೊದ ಆಂಟನ್ ಡೆ ಕೋಮ್ ವಿಶ್ವವಿದ್ಯಾಲಯದವರೂ ಸೇರಿ ಜನರ ಹತ್ತಿರ ಹೋದರು. ದುಡ್ಡು ಕೇಳಿದರು, ಕೆಲಸಕ್ಕೂ ಕೈ ಕೇಳಿದರು. ಎರಡೂ ಸಿಕ್ಕಿತು. ನೂರಾರು ಜನ ತಮ್ಮ ತಮ್ಮ ಮನೆಯಲ್ಲಿ ಕೂತು ಪುಟಗಳನ್ನು ಓದಿ ಟೈಪ್ ಮಾಡಿದರು. 2018ರಲ್ಲಿ ಅದು ಎಲ್ಲರಿಗೂ ಪುಕ್ಕಟೆಯಾಗಿ ತೆರೆದುಕೊಂಡಿತು.

ಈಗ ಆ ಪುಟವನ್ನು ಹತ್ತಿರದಿಂದ ನೋಡೋಣ. ಗೆರೆ ಎಳೆದ ದೊಡ್ಡ ಹಾಳೆ. ಇಳಿಜಾರು ಡಚ್ ಕೈಬರಹ. ಒಬ್ಬ ಮನುಷ್ಯನಿಗೆ ಒಂದು ಸಾಲು. ಹೆಸರು, ಗಂಡೋ ಹೆಣ್ಣೋ, ಹುಟ್ಟಿದ್ದು ಯಾವಾಗ, ಆಮೇಲೆ ಏನಾಯಿತು. ಮಾರಾಟವಾದರೆ ಅದು, ಸತ್ತರೆ ಅದು, ಬಿಡುಗಡೆಯಾದರೆ ಅದು. ಮನೆತನದ ಅಡ್ಡಹೆಸರು ಇಲ್ಲ, ಗುಲಾಮರಿಗೆ ಅಡ್ಡಹೆಸರು ಇಟ್ಟುಕೊಳ್ಳುವ ಹಕ್ಕೇ ಇರಲಿಲ್ಲ. ತಂದೆಯ ಹೆಸರಿಲ್ಲ. ಆದರೆ ಒಂದು ಕಾಲಂ ಇದೆ, ಅದರಲ್ಲಿ ತಾಯಿಯ ಹೆಸರು.

ಯಾಕೆ ಅಂದರೆ ಕಾನೂನು ಹಾಗಿತ್ತು. ಗುಲಾಮಳ ಹೊಟ್ಟೆಯಲ್ಲಿ ಹುಟ್ಟಿದ ಮಗು ಗುಲಾಮ. ತಂದೆ ಯಾರಾದರೂ ಆಗಿರಲಿ, ತೋಟದ ಯಜಮಾನನೇ ಆಗಿರಲಿ, ಮಗು ತಾಯಿಯ ಮಾಲೀಕನ ಸ್ವತ್ತು. ಹಾಗಾಗಿ ಮಗು ತನ್ನದು ಅಂತ ತೋರಿಸಲು ಮಾಲೀಕ ತಾಯಿ ಯಾರು ಅಂತ ಬರೆಸಬೇಕಾಯಿತು. ಆ ಕಾಲಂ ಕ್ರೌರ್ಯದಿಂದ ಹುಟ್ಟಿದ್ದು. ಆದರೆ ಇವತ್ತು ಒಬ್ಬ ಹೆಂಗಸು ತನ್ನ ಅಜ್ಜಿಯ ಅಜ್ಜಿಯನ್ನು ಹುಡುಕಬೇಕು ಅಂದರೆ ಅದೇ ದಾರಿ. ಮಗಳ ಸಾಲಿನಿಂದ ತಾಯಿಯ ಸಾಲಿಗೆ, ಅವಳಿಂದ ಅವಳ ತಾಯಿಗೆ. ಇಡೀ ವಂಶ ಹೆಂಗಸರ ಮೇಲೇ ನಡೆದು ಬರುತ್ತದೆ.

ಇಲ್ಲಿ ಒಂದು ಸ್ವಂತ ಮಾತು. ನಮ್ಮೂರ ಜಮೀನಿನ ಪೌತಿ ಖಾತೆಗೆ ವಂಶವೃಕ್ಷ ಬರೆಸುವಾಗ ನಮ್ಮ ಅಜ್ಜಿಯ ತಾಯಿಯ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗಂಡಸರ ಹೆಸರು ಏಳು ತಲೆಮಾರಿನದು ಇತ್ತು. ಸುರಿನಾಮಿನ ಪುಟಗಳ ಬಗ್ಗೆ ಓದುವಾಗ ನನಗೆ ಅದೇ ನೆನಪಾಗುತ್ತಿತ್ತು.

1863ರ ಜುಲೈ 1ಕ್ಕೆ ಅಲ್ಲಿ ಗುಲಾಮಗಿರಿ ಮುಗಿಯಿತು. ಆ ದಿನಕ್ಕೆ ಅಲ್ಲಿಯವರು ಕೇಟಿ ಕೋಟಿ ಅನ್ನುತ್ತಾರೆ, ಸರಪಳಿ ಕಡಿಯಿತು ಅಂತ ಅರ್ಥ. ಪ್ರತಿ ಗುಲಾಮರ ತಲೆಗೆ 300 ಗಿಲ್ಡರ್ ಪರಿಹಾರ ಸಿಕ್ಕಿದ್ದು ಮಾಲೀಕರಿಗೆ. ಬಿಡುಗಡೆಯಾದವರಿಗೆ ಸಿಕ್ಕಿದ್ದು ಅಡ್ಡಹೆಸರು, ಜೊತೆಗೆ ಇನ್ನೂ ಹತ್ತು ವರ್ಷ ಸರ್ಕಾರದ ಕಣ್ಣಳತೆಯಲ್ಲಿ ಕಡ್ಡಾಯ ದುಡಿಮೆ. ಅಡ್ಡಹೆಸರುಗಳಲ್ಲಿ ಕೆಲವು ಬಿಳಿಯರ ಹೆಸರನ್ನೇ ಹಿಂದುಮುಂದು ಮಾಡಿದ್ದವು. ವಿಲ್ಕೆನ್ಸ್ ಅನ್ನುವುದು ಕೆನ್ಸ್‌ವಿಲ್ ಆಯಿತು. ನೋಯ್ಟ್‌ಮೇರ್ ಅನ್ನುವ ಮನೆತನವೂ ಇದೆ. ಹಾಗಂದರೆ ಇನ್ನೆಂದೂ ಬೇಡ ಅಂತ.

ಹೆಸರಿನ ಮಾತು ಬಂತಲ್ಲ, ಇನ್ನೊಂದು ಹೇಳಲೇಬೇಕು. ಬ್ರಿಟಿಷರ ಜಮೈಕಾದಲ್ಲೂ 1817ರಿಂದ ಇಂಥ ರಿಜಿಸ್ಟರುಗಳಿದ್ದವು, ಮೂರು ವರ್ಷಕ್ಕೊಮ್ಮೆ ಬರೆಸುತ್ತಿದ್ದರು. ಮಾಲೀಕರು ಮನಸ್ಸಿಗೆ ಬಂದ ಹಾಗೆ ವೀನಸ್ ಅಂತಲೋ ಜುನೋ ಅಂತಲೋ ರೋಮನ್ ದೇವತೆಗಳ ಹೆಸರು ಇಟ್ಟುಬಿಡುತ್ತಿದ್ದರು. ಅವುಗಳ ನಡುವೆ ಫಿಬ್ಬಾ, ಜುಬಾ, ಕ್ವಾಶೆಬಾ ಅನ್ನುವ ಹೆಸರುಗಳೂ ಬರುತ್ತವೆ. ಇವು ಪಶ್ಚಿಮ ಆಫ್ರಿಕಾದ ಅಕಾನ್ ಜನರ ವಾರದ ಹೆಸರುಗಳು. ಜುಬಾ ಸೋಮವಾರ ಹುಟ್ಟಿದವಳು. ಕ್ವಾಶೆಬಾ ಭಾನುವಾರದವಳು. ಫಿಬ್ಬಾ ಶುಕ್ರವಾರದವಳು. ಉತ್ತರ ಕನ್ನಡದ ಕಡೆ ಸೋಮಿ, ಮಂಗಳಿ, ಸುಕ್ರಿ ಅಂತ ಕರೆಯುತ್ತಾರಲ್ಲ, ಥೇಟ್ ಹಾಗೇ. ಫಿಬ್ಬಾ ಅಂದರೆ ಸುಕ್ರಿ. ಎಲ್ಲವನ್ನೂ ಕಿತ್ತುಕೊಂಡ ಊರಿನಲ್ಲಿ ಯಾವುದೋ ತಾಯಿ ತನ್ನ ಮಗಳಿಗೆ ತನ್ನ ನಾಡಿನ ಹೆಸರು ಉಳಿಸಿದಳು. ಗುಮಾಸ್ತ ಅದನ್ನು ಕಿವಿಗೆ ಬಿದ್ದ ಹಾಗೆ ಬರೆದುಕೊಂಡ. ಇದು ಹೆಂಗಸರ ಚರಿತ್ರೆ ಅಲ್ಲದಿದ್ದರೆ ಮತ್ತೇನು ಹೇಳಿ?

ಬಾರ್ಬಡೋಸಿನ ಪತ್ರಿಕೆಗಳ ಕಥೆ ಇನ್ನೂ ಹತ್ತಿರದ್ದು. ಅಲ್ಲಿ ಬಾರ್ಬಡೋಸ್ ಮರ್ಕ್ಯುರಿ ಅನ್ನುವ ಪತ್ರಿಕೆ ಇತ್ತು. 1783ರಿಂದ 1848ರವರೆಗಿನ ಸಂಚಿಕೆಗಳನ್ನು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ಸ್ಕ್ಯಾನ್ ಮಾಡಿದರು. 2021ರಲ್ಲಿ ಸ್ವಯಂಸೇವಕರು ಅದರ ಜಾಹೀರಾತುಗಳನ್ನು ಗುರುತಿಸುವ ಕೆಲಸಕ್ಕೆ ಇಳಿದರು. ಹಡಗು ಬಂದ ಸುದ್ದಿ, ಸಕ್ಕರೆ ಬೆಲೆ, ಬಟ್ಟೆ ಅಂಗಡಿ, ಇವುಗಳ ಮಧ್ಯೆ ಬೆರಳಗಲದ ಜಾಹೀರಾತು. ಓಡಿಹೋದ ಹೆಂಗಸೊಬ್ಬಳನ್ನು ಹಿಡಿದುಕೊಟ್ಟರೆ ಬಹುಮಾನ. ಅವಳ ಎತ್ತರ, ಮೈಬಣ್ಣ, ಗಾಯದ ಗುರುತು, ಮಾತಿನ ಧಾಟಿ. ಹೊಲಿಗೆ ಬರುತ್ತದೋ, ಬಟ್ಟೆ ಒಗೆಯುತ್ತಾಳೋ, ಸಂತೆಯಲ್ಲಿ ಮಾರುತ್ತಾಳೋ. ಆಮೇಲೆ ಎಷ್ಟೋ ಕಡೆ ಅವಳು ಎಲ್ಲಿ ಅಡಗಿರಬಹುದು ಅನ್ನುವ ಸುಳಿವು. ತಾಯಿ ಇಂಥ ತೋಟದಲ್ಲಿದ್ದಾಳೆ, ಗಂಡ ಇಂಥ ಬೀದಿಯಲ್ಲಿದ್ದಾನೆ ಅಂತ.

ಬರೆಸಿದ್ದು ಹಿಡಿಯಲಿಕ್ಕೆ. ಆದರೆ ಅವಳಿಗೆ ಯಾರು ಬೇಕಾಗಿದ್ದರು ಅನ್ನುವುದು ಅದರಲ್ಲೇ ಉಳಿದುಬಿಟ್ಟಿತು. ಅವಳು ಸುಮ್ನೆ ಓಡಿಹೋಗಿರಲಿಲ್ಲ. ಅಮ್ಮನ ಹತ್ತಿರ ಹೋಗಿದ್ದಳು.

ತಮ್ಮ ಕಥೆಯನ್ನು ತಾವೇ ಹೇಳಿದವರು ಬಹಳ ಕಡಿಮೆ. ಮೇರಿ ಪ್ರಿನ್ಸ್ ಒಬ್ಬಳು. ಬರ್ಮುಡಾದಲ್ಲಿ ಹುಟ್ಟಿದಳು, ಟರ್ಕ್ಸ್ ದ್ವೀಪದ ಉಪ್ಪಿನ ಕೊಳಗಳಲ್ಲಿ ಮೊಣಕಾಲವರೆಗೆ ನೀರಲ್ಲಿ ನಿಂತು ಕಾಲೆಲ್ಲ ಹುಣ್ಣು ಮಾಡಿಕೊಂಡು ದುಡಿದಳು, ಆಂಟಿಗುವಾಕ್ಕೆ ಹೋದಳು, 1828ರಲ್ಲಿ ಮಾಲೀಕರ ಜೊತೆ ಲಂಡನ್ನಿಗೆ ಬಂದಳು. ಅಲ್ಲಿ ಮನೆ ಬಿಟ್ಟು ಹೊರಗೆ ಬಂದಳು. ಅವಳು ಹೇಳಿದ್ದನ್ನು ಇನ್ನೊಬ್ಬ ಹೆಂಗಸು ಬರೆದುಕೊಂಡಳು, 1831ರಲ್ಲಿ ಅದು ಪುಸ್ತಕವಾಯಿತು. ಬ್ರಿಟನ್ನಿನಲ್ಲಿ ಕಪ್ಪು ಹೆಂಗಸೊಬ್ಬಳ ಬದುಕಿನ ಕಥೆ ಅಚ್ಚಾಗಿದ್ದು ಅದೇ ಮೊದಲು. ಇಂಥವಳು ಒಬ್ಬಳಾದರೆ, ಒಂದೇ ಸಾಲಿನಲ್ಲಿ ಮುಗಿದವರು ಲಕ್ಷಾಂತರ. ಸ್ವಯಂಸೇವಕರು ಓದುತ್ತಿರುವುದು ಆ ಸಾಲುಗಳನ್ನು.

ಎಲ್ಲ ಸಾಲುಗಳೂ ಮನಸ್ಸಿಗೆ ಹಿತವಾಗಿಲ್ಲ. ಬಾರ್ಬಡೋಸಿನ ಬ್ರಿಡ್ಜ್‌ಟೌನಿನಲ್ಲಿ ಹೋಟೆಲ್ ನಡೆಸುತ್ತಿದ್ದ ರೇಚಲ್ ಪ್ರಿಂಗಲ್ ಪೋಲ್‌ಗ್ರೀನ್ ಗುಲಾಮಳ ಮಗಳು. ತಾನು ಬಿಡುಗಡೆಯಾಗಿ, ದುಡ್ಡು ಮಾಡಿ, ತಾನೇ ಗುಲಾಮರನ್ನು ಇಟ್ಟುಕೊಂಡಳು. 1791ರಲ್ಲಿ ಸತ್ತಾಗ ಉಯಿಲಿನಲ್ಲಿ ಕೆಲವರನ್ನು ಬಿಡುಗಡೆ ಮಾಡಿದಳು, ಕೆಲವರನ್ನು ಆಸ್ತಿಯ ಹಾಗೆ ಹಂಚಿದಳು. ಹೆಂಗಸರ ಚರಿತ್ರೆ ಅಂದರೆ ಇದನ್ನೂ ಬರೆಯಬೇಕು. ಬಿಟ್ಟರೆ ಸುಳ್ಳಾಗುತ್ತದೆ.

ನಂಬಿಕೆಯ ಪ್ರಶ್ನೆಗೆ ಬರುತ್ತೇನೆ. ಇಂಥ ಕೆಲಸದಲ್ಲಿ ಒಂದೇ ಪುಟ ಒಬ್ಬರ ಕೈಗೆ ಮಾತ್ರ ಹೋಗುವುದು ಕಡಿಮೆ. ಇಬ್ಬರೋ ಅದಕ್ಕಿಂತ ಜಾಸ್ತಿ ಜನರೋ ಬೇರೆ ಬೇರೆಯಾಗಿ ಓದುತ್ತಾರೆ. ಓದಿದ್ದು ತಾಳೆಯಾಗದಿದ್ದರೆ ಅನುಭವ ಇದ್ದವರು ಮೂಲ ಚಿತ್ರ ತೆಗೆದು ನೋಡುತ್ತಾರೆ. ಚಿತ್ರ ಅಲ್ಲೇ ಇರುತ್ತದೆ, ಯಾರು ಬೇಕಾದರೂ ಮತ್ತೆ ನೋಡಬಹುದು. ಒಬ್ಬರೇ ಪಂಡಿತರು ವರ್ಷಗಟ್ಟಲೆ ಕೂತರೂ ಇಷ್ಟು ಪುಟ ಮುಗಿಯುವುದಿಲ್ಲ. ಜೊತೆಗೆ ಕಾಗದ ಕಾಯುವುದಿಲ್ಲ. 2024ರ ಜೂನಿನಲ್ಲಿ ಬಾರ್ಬಡೋಸಿನ ದಾಖಲೆ ಇಲಾಖೆಯ ಒಂದು ಕಟ್ಟಡಕ್ಕೆ ಬೆಂಕಿ ಬಿತ್ತು. ಸಿಡಿಲು ಬಡಿದು ಹೀಗಾಯಿತು ಅಂದರು. ಅಲ್ಲಿದ್ದ ಹಳೆಯ ಕಾಗದಗಳು ಬೂದಿಯಾದವು. ಮರ್ಕ್ಯುರಿ ಪತ್ರಿಕೆಯ ಪುಟಗಳ ಪ್ರತಿ ಆ ಹೊತ್ತಿಗೆ ಆಗಿಹೋಗಿತ್ತು. ಆ ಸುದ್ದಿ ಓದಿದ ದಿನ ನನಗೆ ಅಷ್ಟೇ ಸಮಾಧಾನ.

ಮೇರಿ ಸೀಕೋಲ್ ಹೆಸರು ನೀವು ಪಾಠದಲ್ಲಿ ಹೇಳಿರಬಹುದು. 1805ರಲ್ಲಿ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿದವಳು, ಕ್ರೈಮಿಯಾ ಯುದ್ಧದಲ್ಲಿ ಸ್ವಂತ ದುಡ್ಡಿನಲ್ಲಿ ಹೋಗಿ ಸೈನಿಕರಿಗೆ ಊಟ, ಔಷಧಿ ಕೊಟ್ಟವಳು. 1881ರಲ್ಲಿ ಲಂಡನ್ನಿನಲ್ಲಿ ಸತ್ತಳು. ಆಮೇಲೆ ಜನ ಮರೆತರು. 1973ರಲ್ಲಿ ಅವಳ ಸಮಾಧಿಯನ್ನು ರಿಪೇರಿ ಮಾಡಿಸಿ, ಕಲ್ಲು ಶುಚಿ ಮಾಡಿಸಿದವರು ನರ್ಸುಗಳು ಮತ್ತು ಲಂಡನ್ನಿನಲ್ಲಿದ್ದ ಜಮೈಕಾದ ಹೆಂಗಸರು. ಅದಕ್ಕೆ ಅವರಿಗೆ ಯಾವ ಡಿಗ್ರಿಯೂ ಬೇಕಾಗಲಿಲ್ಲ. 2016ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯ ಮುಂದೆ ಅವಳ ಪ್ರತಿಮೆ ನಿಂತಿತು. ಅದಕ್ಕೂ ಹನ್ನೆರಡು ವರ್ಷ ಚಂದಾ ಎತ್ತಬೇಕಾಯಿತು.

ಇನ್ನು ಸಂಬಂಧದ ಮಾತು. ನೀವೇ ಕ್ರಿಕೆಟ್ ಎತ್ತಿದ್ದೀರಿ. 1974ರ ನವೆಂಬರಿನಲ್ಲಿ ಬೆಂಗಳೂರಿನ ಮೊದಲ ಟೆಸ್ಟ್ ನಡೆದಾಗ ನೀವು ರೇಡಿಯೋ ಮುಂದೆ ಕೂತಿದ್ದೆ ಅಂತ ಬರೆದಿದ್ದೀರಿ. ಆ ಪಂದ್ಯದಲ್ಲಿ ವೆಸ್ಟ್ ಇಂಡೀಸಿನ ಕಾಳಿಚರಣ್ 124 ಹೊಡೆದರಲ್ಲ. ಗಯಾನಾದವರಾದ ಅವರಿಗೆ ಆ ಹೆಸರು ಎಲ್ಲಿಂದ ಬಂತು? ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ಸುರಿನಾಮಿಗಿಂತ ಮೊದಲೇ ನಿಂತಿತ್ತು, ಆಮೇಲೆ ಕಬ್ಬು ಕಡಿಯಲು ಜನ ಬೇಕಾಯಿತು. 1838ರಿಂದ 1917ರವರೆಗೆ ಕರಾರಿನ ಕೂಲಿಗಳಾಗಿ ಕಲ್ಕತ್ತಾ, ಮದ್ರಾಸ್ ಬಂದರುಗಳಿಂದ ನಮ್ಮವರು ಹೋದರು. ಸುರಿನಾಮಿಗೇ 1873ರಿಂದ ಸುಮಾರು 34,000 ಜನ. ಬ್ರಿಟಿಷ್ ವಸಾಹತುಗಳಿಗೆ ಹೋಗುವ ಹಡಗಿನಲ್ಲಿ 100 ಗಂಡಸರಿಗೆ 40 ಹೆಂಗಸರು ಇರಬೇಕು ಅಂತ ನಿಯಮ. ವಿಧವೆಯರು, ಗಂಡ ಬಿಟ್ಟವರು, ಒಬ್ಬಂಟಿ ಹೆಂಗಸರು ಎಷ್ಟೋ ಜನ ಹೀಗೆ ಸಮುದ್ರ ದಾಟಿದರು. ಅವರಿಗೆ ಕೊಟ್ಟ ವಲಸೆ ಪಾಸಿನಲ್ಲಿ ವಯಸ್ಸು, ಜಾತಿ, ಊರು, ಜಿಲ್ಲೆ, ಮೈಮೇಲಿನ ಗುರುತು ಇದೆ. ತಂದೆಯ ಹೆಸರೂ ಇದೆ. ತಾಯಿಯ ಹೆಸರು ಮಾತ್ರ ಇಲ್ಲ. ಅವರ ಮೊಮ್ಮಕ್ಕಳು ಇವತ್ತು ಆ ಪಾಸುಗಳನ್ನೂ ಹುಡುಕುತ್ತಿದ್ದಾರೆ.

ಕೊನೆಗೆ ನಿಮ್ಮ ಬೇರೆ ಪೆನ್ನಿನ ಸಾಲು. ಮಾಡಬಹುದು ಮೇಷ್ಟ್ರೇ, ಖಂಡಿತ ಮಾಡಬಹುದು. ಡಚ್ ಬೇಡ, ಇಂಗ್ಲಿಷ್ ದಾಖಲೆಗಳ ಯೋಜನೆಗಳೂ ಇರುತ್ತವೆ. ಒಂದು ಕಂಪ್ಯೂಟರ್, ದೊಡ್ಡ ಸ್ಕ್ರೀನ್ ಇದ್ದರೆ ಕಣ್ಣಿಗೆ ಒಳ್ಳೆಯದು, ದಿನಕ್ಕೆ ಅರ್ಧ ಗಂಟೆ ಸಾಕು. ಮೊದಲ ವಾರ ಕಷ್ಟವಾಗುತ್ತದೆ. 1800ಕ್ಕಿಂತ ಹಿಂದಿನ ಅಚ್ಚಿನಲ್ಲಿ ಎಸ್ ಅಕ್ಷರ ಎಷ್ಟೋ ಕಡೆ ಎಫ್ ಥರ ಕಾಣುತ್ತದೆ. ಅದಕ್ಕೆ ಕಣ್ಣು ಹೊಂದಿಕೊಂಡ ಮೇಲೆ ಓದು ಸಲೀಸು.

ಒಂದು ನಿಯಮ ಮಾತ್ರ ಮರೆಯಬೇಡಿ. ನಲವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕೈ ನಿಮ್ಮದು, ಅದಕ್ಕೇ ಹೇಳುತ್ತಿದ್ದೇನೆ. ಇಲ್ಲಿ ತಿದ್ದಬಾರದು. ಫಿಬ್ಬಾ ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಇರುತ್ತಾಳೆ. ಕಾಗುಣಿತ ತಪ್ಪು ಅನ್ನಿಸಿದರೂ ಪುಟದಲ್ಲಿ ಹೇಗಿದೆಯೋ ಹಾಗೇ ಬರೆಯಿರಿ.