ಪ್ರತಿಕ್ರಿಯೆ: ಕೆಡೆಟ್ ದೊಡ್ಡವನೋ, ಹವಾಲ್ದಾರ್ ದೊಡ್ಡವರೋ?

ನಮಸ್ಕಾರ ಅಕ್ಕಾ. ಡೆಹ್ರಾಡೂನಿನ ಐಎಂಎಯಲ್ಲಿ (ಭೂಸೇನೆಯ ಆಫೀಸರ್ ಆಗುವವರಿಗೆ ತರಬೇತಿ ಕೊಡುವ ಇಂಡಿಯನ್ ಮಿಲಿಟರಿ ಅಕಾಡೆಮಿ) ಕೆಡೆಟ್ ಆಗಿರುವ ನಿಮ್ಮ ತಮ್ಮನನ್ನು ಹವಾಲ್ದಾರರೊಬ್ಬರು ಎಲ್ಲರೆದುರು ಗದರಿದರಂತೆ, ಆಫೀಸರ್ ಆಗುವವನಿಗೆ ಹೀಗೆ ಮಾಡಬಹುದಾ ಅಂತ ಕೇಳಿದ್ದೀರಿ. ಗದರಬಹುದು. ಅದು ಅವರ ಕೆಲಸ.

ಕೆಡೆಟ್‌ಗೆ ಇನ್ನೂ ಕಮಿಷನ್, ಅಂದ್ರೆ ಆಫೀಸರ್ ಆಗಿ ನೇಮಕ, ಸಿಕ್ಕಿಲ್ಲ. ಹೆಗಲ ಮೇಲೆ ನಕ್ಷತ್ರ ಬರುವವರೆಗೂ ಅವನು ಕಲಿಯುವವನು, ಅವರು ಕಲಿಸುವವರು. ಅದಕ್ಕೇ ಅಲ್ಲಿ ಅವರನ್ನು 'ಉಸ್ತಾದ್' ಅನ್ನೋದು. (ಬೇರೆ ದೇಶಗಳ ಸಾರ್ಜೆಂಟ್ ಅಂದರೆ ನಮ್ಮ ಭೂಸೇನೆಯಲ್ಲಿ ಹವಾಲ್ದಾರ್.) ಡ್ರಿಲ್, ಪಿಟಿ, ಬಂದೂಕು ಬಿಚ್ಚಿ ಜೋಡಿಸುವುದು, ಇದೆಲ್ಲ ಅವರ ಕೈಯಲ್ಲೇ ಪಳಗಬೇಕು. ಸಾವಧಾನ್‌ನಲ್ಲಿ ನಿಂತವನ ಹೆಬ್ಬೆರಳು ಪ್ಯಾಂಟಿನ ಹೊಲಿಗೆಗೆ ತಾಗಿಲ್ಲ ಅಂದ್ರೆ ಸಾಲಿನ ಆ ತುದಿಯಿಂದಲೇ ಅವರಿಗೆ ಕಾಣುತ್ತೆ. ಬ್ರಿಟನ್ನಿನ ಸೇನಾ ಅಕಾಡೆಮಿ ಸ್ಯಾಂಡ್‌ಹರ್ಸ್ಟ್‌ನಲ್ಲೂ ಅಷ್ಟೇ, ಕಲರ್ ಸಾರ್ಜೆಂಟ್‌ಗಳು ಕೆಡೆಟ್‌ನನ್ನು 'ಸರ್' ಅಂತಲೇ ಕರೆದು ಬೆವರಿಳಿಸುತ್ತಾರೆ.

ನಿಮ್ಮ ತಮ್ಮ 'ಅಂತಿಮ್ ಪಗ್' (ತರಬೇತಿ ಮುಗಿದಾಗ ಪಾಸಿಂಗ್ ಔಟ್ ಪರೇಡಿನಲ್ಲಿ ಇಡುವ ಕೊನೆಯ ಹೆಜ್ಜೆ) ದಾಟಿ ಲೆಫ್ಟಿನೆಂಟ್ ಆದ ಮೇಲೆ ಅದೇ ಉಸ್ತಾದ್ ಅವನಿಗೆ ಸೆಲ್ಯೂಟ್ ಹೊಡೀತಾರೆ. ಮುಂದೆ ಯೂನಿಟ್‌ನಲ್ಲಿ ಅವನಿಗಿಂತ ಎಷ್ಟೋ ವರ್ಷ ಹೆಚ್ಚು ಸರ್ವಿಸ್ ಆದ ಹವಾಲ್ದಾರರು ಅವನ ಕೈಕೆಳಗೇ ಇರುತ್ತಾರೆ. ಅವರ ಮಾತಿಗೆ ಕಿವಿಗೊಡುವುದನ್ನು ಈಗಲೇ ಕಲಿಯಲಿ. ಪಾಸಿಂಗ್ ಔಟ್ ಪರೇಡಿಗೆ ಹೋದಾಗ ಆ ಉಸ್ತಾದರನ್ನು ಹುಡುಕಿ ಮಾತಾಡಿಸಿಕೊಂಡು ಬನ್ನಿ.