ಓಎಲ್‌ಇಡಿ ಗೇಮಿಂಗ್ ಮಾನಿಟರ್‌ನಲ್ಲೂ ಚಲಿಸುವ ಚಿತ್ರ ಮಸುಕಾಗಿ ಕಾಣುವುದೇಕೆ?

ಓಎಲ್‌ಇಡಿ ಪರದೆಯ ತಾವೇ ಬೆಳಗುವ ಚುಕ್ಕೆಗಳು, ಅಂದರೆ ಪಿಕ್ಸೆಲ್‌ಗಳು, ಒಂದು ಮಿಲಿಸೆಕೆಂಡಿಗಿಂತಲೂ ಬೇಗ ಬಣ್ಣ ಬದಲಿಸುತ್ತವೆಯಾದ್ದರಿಂದ ಈ ಮಸುಕು ಅವುಗಳ ದೋಷವಲ್ಲ. ಪ್ರತಿ ಫ್ರೇಮ್ (ಚಲಿಸುವ ದೃಶ್ಯದ ಒಂದೊಂದು ಬಿಡಿ ಚಿತ್ರ) ಮುಂದಿನದು ಬರುವವರೆಗೆ ಪರದೆಯ ಮೇಲೆ ಅಲುಗಾಡದೆ ನಿಂತಿರುತ್ತದೆ. ಅಷ್ಟರಲ್ಲಿ, ವಸ್ತುವನ್ನು ಹಿಂಬಾಲಿಸುವ ನಮ್ಮ ಕಣ್ಣು ಮುಂದೆ ಸರಿದಿರುವುದರಿಂದ, ಆ ನಿಂತ ಚಿತ್ರವೇ ಅಕ್ಷಿಪಟಲದ ಮೇಲೆ ಒರೆಸಿದಂತೆ ಹರಡಿಕೊಳ್ಳುತ್ತದೆ. ಸೆಕೆಂಡಿಗೆ 960 ಪಿಕ್ಸೆಲ್ ವೇಗದಲ್ಲಿ ಹಾಯುವ ಕಾರಿನ ನಂಬರ್ ಪ್ಲೇಟ್ 60 ಹರ್ಟ್ಸ್‌ನಲ್ಲಿ (ಪರದೆ ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವಾಗ) ಸುಮಾರು 16 ಪಿಕ್ಸೆಲ್‌ನಷ್ಟು ಹರಡಿ ಓದಲು ಬಾರದಂತಾದರೆ, 240 ಹರ್ಟ್ಸ್‌ನಲ್ಲಿ ಆ ಹರಡುವಿಕೆ 4 ಪಿಕ್ಸೆಲ್‌ಗೆ ಇಳಿಯುತ್ತದೆ. ಆದರೆ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 60 ಫ್ರೇಮ್‌ಗಳನ್ನಷ್ಟೇ ಕೊಡುತ್ತಿದ್ದರೆ 240 ಹರ್ಟ್ಸ್ ಎಂಬುದು ಪೆಟ್ಟಿಗೆಯ ಮೇಲಿನ ಬರಹವಾಗಿಯೇ ಉಳಿಯುತ್ತದೆ. ಕೆಲವು ಮಾದರಿಗಳಲ್ಲಿ ಫ್ರೇಮ್‌ಗಳ ನಡುವೆ ಕಪ್ಪು ತೋರಿಸಿ ಮಸುಕನ್ನು ತಗ್ಗಿಸುವ ಸೌಲಭ್ಯವಿದೆಯಾದರೂ, ಅದು ಬೆಳಕನ್ನೂ ಗಣನೀಯವಾಗಿ ಕುಗ್ಗಿಸುವುದರಿಂದ ಎಚ್‌ಡಿಆರ್ (ಪ್ರಖರ ಬೆಳಕು ಮತ್ತು ಗಾಢ ನೆರಳು ಎರಡನ್ನೂ ತೋರಿಸುವ) ಆಟಗಳಿಗೆ ನಾನು ಅದನ್ನು ಸೂಚಿಸುವುದಿಲ್ಲ.