ಪ್ರಶ್ನೋತ್ತರ: ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೊಂದು ಆನ್‌ಲೈನ್ ಮೀಟಪ್

ಪ್ರಶ್ನೆ: ನಮ್ಮ ಕಾಲೇಜಿನ ಎಂಟು ತಂಡಗಳು ಓಪನ್ ಸೋರ್ಸ್ (ಕೋಡನ್ನು ಯಾರು ಬೇಕಾದರೂ ನೋಡಿ, ಬಳಸಿ, ಬದಲಿಸಬಹುದಾದ) ಪ್ರಾಜೆಕ್ಟ್ ಮಾಡುತ್ತಿವೆ. ಆನ್‌ಲೈನ್ ಮೀಟಪ್ ನಡೆಸಬೇಕೆಂದಿದ್ದೇವೆ, ಅರವತ್ತು ಜನ ಸೇರಬಹುದು. ಖರ್ಚಿಲ್ಲದೆ ಯಾವುದರಲ್ಲಿ ನಡೆಸುವುದು, ಎಷ್ಟು ಹೊತ್ತು?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ಜೂಮ್‌ನ ಉಚಿತ ಖಾತೆಯಲ್ಲಿ ಸಭೆ 40 ನಿಮಿಷಕ್ಕೆ ನಿಂತುಹೋಗುತ್ತದೆ, ಗೂಗಲ್ ಮೀಟ್‌ನಲ್ಲಿ 60ಕ್ಕೆ. ನಿಮಗೆ ಎರಡು ಗಂಟೆಯಾದರೂ ಬೇಕು. ತಂಡಕ್ಕೆ 5 ನಿಮಿಷ ಡೆಮೊ, 3 ನಿಮಿಷ ಪ್ರಶ್ನೆ ಎಂದರೂ ಎಂಟು ತಂಡಕ್ಕೆ 64 ನಿಮಿಷ ಆಯಿತು. ಉಳಿದ ಹೊತ್ತು ಬ್ರೇಕ್‌ಔಟ್ ರೂಮ್‌ಗಳಲ್ಲಿ (ಸಭೆಯೊಳಗಿನ ಚಿಕ್ಕ ಪ್ರತ್ಯೇಕ ಕೋಣೆಗಳಲ್ಲಿ) ತಂಡವಾರು ಕೂತು ಕೆಲಸ ಮಾಡಲು. ಇದಕ್ಕೆ ಜಿಟ್ಸಿ ಮೀಟ್ ಒಳ್ಳೆಯದು, ಅದು ಸ್ವತಃ ಓಪನ್ ಸೋರ್ಸ್ ಕೂಡ. ಸಭೆ ತೆರೆಯುವವರು ಗೂಗಲ್ ಅಥವಾ ಗಿಟ್‌ಹಬ್ (ಕೋಡ್ ಇಟ್ಟು ಹಂಚಿಕೊಳ್ಳುವ ತಾಣ) ಖಾತೆಯಿಂದ ಲಾಗಿನ್ ಆಗಬೇಕು, ಬರುವವರಿಗೆ ಲಿಂಕ್ ಸಾಕು.

ಅರವತ್ತು ಕ್ಯಾಮೆರಾ ಒಟ್ಟಿಗೆ ಆನ್ ಆದರೆ ಹಳೆಯ ಲ್ಯಾಪ್‌ಟಾಪ್‌ಗಳು ತಡೆಯುವುದಿಲ್ಲ, ದನಿ ತುಂಡಾಗುತ್ತದೆ. ಮಾತಾಡುವವರ ಕ್ಯಾಮೆರಾ ಮಾತ್ರ ಇರಲಿ. ಡೆಮೊದಲ್ಲಿ ವಿಡಿಯೊ ತೋರಿಸುವವರು ಕ್ರೋಮ್‌ನ ಟ್ಯಾಬ್ ಒಂದನ್ನೇ ಶೇರ್ ಮಾಡಿ, ಅದರ ಆಡಿಯೊಗೂ ಟಿಕ್ ಹಾಕಬೇಕು. ಅದನ್ನು ಮರೆತರೆ ಚಿತ್ರ ಬರುತ್ತದೆ, ದನಿ ಬರುವುದಿಲ್ಲ. ಕೋಡ್ ತೋರಿಸುವಾಗ ಅಕ್ಷರದ ಗಾತ್ರ 20ಕ್ಕೆ ಏರಿಸಿ, ಫೋನಿನಲ್ಲಿ ನೋಡುವವರೂ ಇರುತ್ತಾರೆ.

ಪ್ರಶ್ನೆ: ಕಳೆದ ಸಲದ ಮೀಟಪ್‌ಗೆ ಹೊಸಬರು ಇಪ್ಪತ್ತು ಜನ ಬಂದಿದ್ದರು. ಪೂರ್ತಿ ಸಮಯ ಇನ್‌ಸ್ಟಾಲ್ ಮಾಡುವುದರಲ್ಲೇ ಕಳೆಯಿತು, ಒಂದೂ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಬರಲಿಲ್ಲ. ಎಲ್ಲಿ ತಪ್ಪಿದೆವು?
– ಬಿಸಿಎ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ತಪ್ಪಿದ್ದು ಹಿಂದಿನ ವಾರದಲ್ಲಿ. ಸೆಟಪ್ ಮೀಟಪ್‌ನ ಕೆಲಸವೇ ಅಲ್ಲ. ಏಳು ದಿನ ಮೊದಲೇ ಪ್ರಾಜೆಕ್ಟ್‌ನ ಪರಿಚಯ, ಸೂಚನೆಗಳಿರುವ ರೀಡ್‌ಮಿ ಕಡತವನ್ನು ತಂಡದ ಹೊರಗಿನ ಒಬ್ಬರ ಕೈಗೆ ಕೊಟ್ಟು, ಬಾಯಿಮಾತಿನ ನೆರವಿಲ್ಲದೆ ಪ್ರಾಜೆಕ್ಟ್ ಓಡಿಸಿ ಎನ್ನಿ. ಅವರು ಎಲ್ಲಿ ನಿಲ್ಲುತ್ತಾರೋ ಇಪ್ಪತ್ತು ಜನವೂ ಅಲ್ಲೇ ನಿಲ್ಲುತ್ತಾರೆ.

ಸಾಮಾನ್ಯವಾಗಿ ಸಿಕ್ಕಿಕೊಳ್ಳುವ ಜಾಗಗಳು ಇವು. ಕೋಡ್ ಓಡಿಸುವ ಪೈಥಾನ್ ಅಥವಾ ನೋಡ್‌ನ ಯಾವ ಆವೃತ್ತಿ ಬೇಕೆಂದು ಬರೆದಿರುವುದಿಲ್ಲ. ವಿಂಡೋಸ್‌ನಲ್ಲಿ ಪೈಥಾನ್ ಹಾಕುವಾಗ ಪಾತ್‌ಗೆ (ವಿಂಡೋಸ್ ಪ್ರೋಗ್ರಾಂ ಹುಡುಕುವ ಜಾಗಗಳ ಪಟ್ಟಿಗೆ) ಸೇರಿಸುವ ಟಿಕ್ ಬಿಟ್ಟುಹೋಗಿರುತ್ತದೆ. ವಿಂಡೋಸ್‌ನಲ್ಲಿ ಗಿಟ್ (ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ತಂತ್ರಾಂಶ) ಸಾಲಿನ ಕೊನೆಯ ಗುರುತನ್ನು ಬದಲಿಸಿಬಿಡುವುದರಿಂದ ಶೆಲ್ ಸ್ಕ್ರಿಪ್ಟ್‌ಗಳು (ಆದೇಶಗಳನ್ನು ಬರೆದ ಕಡತಗಳು) ಓಡುವುದಿಲ್ಲ. ಗಿಟ್‌ಆಟ್ರಿಬ್ಯೂಟ್ಸ್ ಕಡತದಲ್ಲಿ ಒಂದು ಸಾಲು ಸೇರಿಸಿದರೆ ಇದು ಸರಿಹೋಗುತ್ತದೆ. ಪುಶ್ ಮಾಡುವಾಗ (ಬದಲಾವಣೆಯನ್ನು ಗಿಟ್‌ಹಬ್‌ಗೆ ಕಳಿಸುವಾಗ) ಹೊಸಬರು ಗಿಟ್‌ಹಬ್ ಪಾಸ್‌ವರ್ಡ್ ಹಾಕುತ್ತಾರೆ, ಅದು 2021ರ ಆಗಸ್ಟ್‌ನಿಂದ ನಡೆಯುವುದಿಲ್ಲ. ಪಾಸ್‌ವರ್ಡ್ ಬದಲು ಬಳಸುವ ಟೋಕನ್ ಅಥವಾ ಎಸ್‌ಎಸ್‌ಎಚ್ ಕೀ ಮೊದಲೇ ಮಾಡಿಟ್ಟುಕೊಳ್ಳಬೇಕು. ಫೋರ್ಕ್ ಮಾಡದೆ (ತಮ್ಮ ಖಾತೆಗೆ ಪ್ರತಿ ಮಾಡಿಕೊಳ್ಳದೆ) ಮೂಲ ರೆಪೊಸಿಟರಿಗೇ (ಪ್ರಾಜೆಕ್ಟ್‌ನ ಕೋಡ್ ಸಂಗ್ರಹಕ್ಕೇ) ಪುಶ್ ಮಾಡಿ, ಅನುಮತಿಯಿಲ್ಲ ಎಂಬ 403 ದೋಷ ನೋಡಿ ಹೆದರುವವರೂ ಬಹಳ. ಮೊಬೈಲ್ ಡೇಟಾ ಬಳಸುವವರಿಗೆ ಡೆಪ್ತ್ 1 ಕೊಟ್ಟು ಕ್ಲೋನ್ ಮಾಡಲು (ಕೋಡ್ ಇಳಿಸಿಕೊಳ್ಳಲು) ಹೇಳಿ. ಹಳೆಯ ಇತಿಹಾಸವೆಲ್ಲ ಇಳಿಯದೆ ಡೇಟಾ ಉಳಿಯುತ್ತದೆ.

ಇನ್ನು ಕೆಲಸ ಹಂಚುವ ಮಾತು. ಇಪ್ಪತ್ತು ಹೊಸಬರಿಗೆ 25 ಸಣ್ಣ ಇಶ್ಯೂ (ಗಿಟ್‌ಹಬ್‌ನಲ್ಲಿ ಬರೆದಿಟ್ಟ ಕೆಲಸ) ಸಿದ್ಧವಿರಲಿ, ಪ್ರತಿಯೊಂದೂ 30–40 ನಿಮಿಷದಲ್ಲಿ ಮುಗಿಯುವಂಥದ್ದು. ಯಾವ ಕಡತ, ಏನು ಬದಲಿಸಬೇಕು, ಸರಿಯಾಯಿತೆಂದು ತಿಳಿಯುವುದು ಹೇಗೆ ಎಂಬ ಮೂರೂ ಅದರಲ್ಲಿ ಬರೆದಿರಬೇಕು. 'ಬಗ್ ಸರಿಪಡಿಸಿ' ಎಂದಷ್ಟೇ ಬರೆದ ಇಶ್ಯೂ ಹೊಸಬರಿಗೆ ಗೋಡೆ ಇದ್ದಹಾಗೆ. ತೆಗೆದುಕೊಂಡವರು ಅಲ್ಲೇ ಕಾಮೆಂಟ್ ಹಾಕಲಿ, ಇಲ್ಲದಿದ್ದರೆ ಒಂದೇ ಕೆಲಸವನ್ನು ಇಬ್ಬರು ಮಾಡಿ ಒಬ್ಬರ ಶ್ರಮ ವ್ಯರ್ಥವಾಗುತ್ತದೆ. ಐದು ಜನಕ್ಕೊಬ್ಬ ರಿವ್ಯೂ ಮಾಡುವವರು ಬೇಕು. ಗಿಟ್‌ಹಬ್ ಆಕ್ಷನ್ಸ್ (ಕೋಡ್‌ನ ಪರೀಕ್ಷೆಗಳನ್ನು ತಾನೇ ಓಡಿಸುವ ಸೌಲಭ್ಯ) ಬಳಸುತ್ತಿದ್ದರೆ ಇದನ್ನೂ ನೆನಪಿಡಿ: ಮೊದಲ ಸಲ ಕೊಡುಗೆ ನೀಡುವವರ ಪುಲ್ ರಿಕ್ವೆಸ್ಟ್‌ಗೆ ಮೇಂಟೇನರ್ (ಪ್ರಾಜೆಕ್ಟ್ ನೋಡಿಕೊಳ್ಳುವವರು) ಅನುಮತಿ ಒತ್ತುವ ತನಕ ಪರೀಕ್ಷೆಗಳು ಓಡುವುದಿಲ್ಲ. ಅದನ್ನು ಒತ್ತಲೆಂದೇ ಒಬ್ಬರು ಕೂತಿರಲಿ. ಅಂದೇ ಮುಗಿಯದೆ ಉಳಿದ ಪುಲ್ ರಿಕ್ವೆಸ್ಟ್‌ಗಳಿಗೆ ಎರಡು ದಿನದೊಳಗೆ ಉತ್ತರ ಕೊಡಿ. ವಾರ ಕಳೆದರೆ ಆ ಹುಡುಗರು ಮತ್ತೆ ಬರುವುದು ಕಷ್ಟ.

ಪ್ರಶ್ನೆ: ಕೋಡ್ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತಿದೆ. ಓಪನ್ ಸೋರ್ಸ್ ಆಯಿತಲ್ಲವೇ?
– ಓದುಗರು, ಧಾರವಾಡ

ಉತ್ತರ: ಇಲ್ಲ. ಬಳಕೆಗೆ ಅನುಮತಿ ಕೊಡುವ ಲೈಸೆನ್ಸ್ ಕಡತವಿಲ್ಲದಿದ್ದರೆ ಹಕ್ಕೆಲ್ಲ ಬರೆದವರದೇ. ಎಂಐಟಿ, ಅಪಾಚೆ 2.0, ಜಿಪಿಎಲ್ 3 – ಯಾವುದಾದರೊಂದನ್ನು ಮೀಟಪ್‌ಗೆ ಮೊದಲೇ ಸೇರಿಸಿ. ಹೊರಗಿನವರ ಕೋಡ್ ಸೇರಿದ ಮೇಲೆ ಲೈಸೆನ್ಸ್ ಬದಲಿಸಲು ಅವರೆಲ್ಲರ ಒಪ್ಪಿಗೆ ಕೇಳಬೇಕಾದೀತು.

ಪ್ರಶ್ನೆ: ನಮ್ಮ ಮೆಂಟರ್ ಜರ್ಮನಿಯಲ್ಲಿದ್ದಾರೆ. ಸಮಯ ಹೇಗೆ ಹೊಂದಿಸುವುದು?
– ಓದುಗರು, ಮಂಗಳೂರು

ಉತ್ತರ: ನಮ್ಮ ಸಂಜೆ 6.30 ಅಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ 2, ಬೇಸಿಗೆಯಲ್ಲಿ 3 ಗಂಟೆ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಅವರ ಗಡಿಯಾರ ಬದಲಾಗುತ್ತದೆ. ಆ ಆಸುಪಾಸಿನಲ್ಲಿ ಸಭೆಯಿದ್ದರೆ ಎರಡೂ ಊರಿನ ಸಮಯವನ್ನು ಆಹ್ವಾನದಲ್ಲೇ ಬರೆಯಿರಿ.